ಕಬ್ಬಿಣವನ್ನು ಕೆತ್ತುವ ಕಬ್ಬಿಣ

ಬಡಗಿಯ ಉಳಿ ಮರವನ್ನು ಕೆತ್ತುತ್ತದೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಉಕ್ಕು ಮರಕ್ಕಿಂತ ಬಹಳ ಗಡಸಾದ ವಸ್ತು. ಆದರೆ ಆ ಉಳಿಯನ್ನು ಉಜ್ಜಿ ರೂಪಿಸಿದ ಅರವೂ ಉಕ್ಕಿನದೇ. ಗಿರಣಿಯ ಚಕ್ರವನ್ನು ಕೊರೆದ ಯಂತ್ರದ ಮೊನೆಯೂ ಉಕ್ಕಿನದೇ. ಕಬ್ಬಿಣವು ಕಬ್ಬಿಣವನ್ನು ಕೆತ್ತಬೇಕಾದರೆ ಎರಡರಲ್ಲಿ ಒಂದು ಇನ್ನೊಂದಕ್ಕಿಂತ ಗಟ್ಟಿಯಾಗಿರಬೇಕಷ್ಟೆ. ಈ ಹೆಚ್ಚಿನ ಗಟ್ಟಿತನ ಅದಕ್ಕೆ ಎಲ್ಲಿಂದ ಬಂದಿತು? ಬೆಂಕಿ, ನೀರು, ಒಂದು ಹಳೆಯ ಅರ ಇಷ್ಟನ್ನೇ ಇಟ್ಟುಕೊಂಡು ಅದನ್ನು ನಾವು ಮನೆಯ ಕಾರ್ಯಾಗಾರದಲ್ಲಿ ಉಂಟುಮಾಡಬಹುದೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಒಂದು ಸಣ್ಣ ಕೆಲಸದ ಮೂಲಕ ಹುಡುಕೋಣ.

ಕೆಲಸವೇನು?

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ಗಡಿಗೆ ಸಮೀಪವಾಗಿ, ಗೌನಿಪಲ್ಲಿ ಎಂಬ ಊರಿದೆ. ಚಿನ್ನ, ರೇಷ್ಮೆ, ಹಾಲು ಈ ಮೂರಕ್ಕೂ ಹೆಸರಾದ ಜಿಲ್ಲೆ ಇದು. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿಹೋದವು. ಹಾಲು ಮತ್ತು ರೇಷ್ಮೆ ಇಂದಿಗೂ ಇಲ್ಲಿನ ರೈತನ ಕೈಹಿಡಿದಿವೆ. ಇಂಥ ಊರಿನಲ್ಲಿ ಮೋಟಾರಿನಿಂದ ನಡೆಯುವ ಮೇವು ಕತ್ತರಿಸುವ ಯಂತ್ರವೊಂದು ಕೆಟ್ಟಿತೆಂದು ಭಾವಿಸೋಣ. ಮೋಟಾರು ತಿರುಗುತ್ತಿದೆ; ಅದರ ದಂಡವೂ ತಿರುಗುತ್ತಿದೆ; ಆದರೆ ದಂಡದ ಮೇಲಿನ ರಾಟೆ, ಎಂದರೆ ವಾಡಿಕೆಯ ಮಾತಿನ ಪುಲ್ಲಿ, ನಿಂತಲ್ಲೇ ನಿಂತಿದೆ.

ಬಿಚ್ಚಿ ನೋಡಿದರೆ ಕಾರಣ ತಿಳಿಯುತ್ತದೆ. ದಂಡದ ಮೈಯಲ್ಲಿ ಒಂದು ತೋಡು, ರಾಟೆಯ ತೂತಿನ ಒಳಮೈಯಲ್ಲಿ ಅದಕ್ಕೆ ಎದುರಾಗಿ ಇನ್ನೊಂದು ತೋಡು. ಎರಡರ ನಡುವೆ ಕೂರುವ ಉಕ್ಕಿನ ಚೌಕ ತುಂಡೇ ಬೆಣೆ. ಕೆಲಸಗಾರರು ಇದನ್ನು ‘ಕೀ’ ಎನ್ನುತ್ತಾರೆ. ಮೋಟಾರಿನ ಶಕ್ತಿಯೆಲ್ಲ ಈ ಬೆಣೆಯ ಮೂಲಕವೇ ರಾಟೆಗೆ ಸಾಗಬೇಕು. ರಾಟೆಯ ಒಳಗಿನ ತೋಡು ಸವೆದು ಅಗಲವಾದರೆ ಬೆಣೆ ಅದರೊಳಗೆ ಅಲುಗಾಡುತ್ತದೆ. ಅಲುಗಾಡಿದಷ್ಟೂ ಬಡಿತ ಹೆಚ್ಚುತ್ತದೆ. ಕೊನೆಗೊಂದು ದಿನ ಬೆಣೆ ತುಂಡರಿಸುತ್ತದೆ. ಹೊಸ ರಾಟೆ ತರಲು ಬೆಂಗಳೂರಿನ ಪೇಟೆಗೆ ಹೋಗಿಬರುವುದಕ್ಕೆ ಒಂದು ದಿನ ಹಿಡಿದೀತು. ಹಳೆಯ ಯಂತ್ರವಾದರೆ ಅದೇ ಅಳತೆಯದು ಸಿಕ್ಕೀತೆಂಬ ಭರವಸೆಯೂ ಇಲ್ಲ. ಹಸುಗಳು ಮಾತ್ರ ಅಷ್ಟು ದಿನ ಕಾಯುವುದಿಲ್ಲ.

ಇದಕ್ಕೆ ಪರಿಹಾರ ಸರಳವಾಗಿದೆ: ಸವೆದ ತೋಡನ್ನು ಬಿಟ್ಟು, ಅದಕ್ಕೆ ಕಾಲು ಸುತ್ತಿನಷ್ಟು ದೂರದಲ್ಲಿ ಹೊಸ ತೋಡೊಂದನ್ನು ಕೊರೆಯುವುದು. ದಂಡದ ವ್ಯಾಸ 20 ಮಿಲಿಮೀಟರ್ ಇದ್ದರೆ ಬೆಣೆಯ ಅಗಲ 6 ಮಿಲಿಮೀಟರ್. ರಾಟೆಯಲ್ಲಿ ತೋಡಿನ ಆಳ 2.8 ಮಿಲಿಮೀಟರ್. ಆದರೆ 20 ಮಿಲಿಮೀಟರ್ ತೂತಿನೊಳಗೆ ಹೊಕ್ಕು ಗೋಡೆಯನ್ನು ಕೆತ್ತಬಲ್ಲ ಉಳಿ ಎಲ್ಲಿದೆ? ಬೇಕಾದ ಅಳತೆಯದು ಅಂಗಡಿಯಲ್ಲಿ ಸಿಕ್ಕದಿದ್ದರೆ ನಾವೇ ಮಾಡಿಕೊಳ್ಳಬೇಕು.

ಯಂತ್ರದ ಪರಿಚಯ

ಈ ಕೆಲಸಕ್ಕೆ ಒದಗುವ ಯಂತ್ರದ ಹೆಸರು ಶೇಪರ್. ಇಂಗ್ಲೆಂಡಿನಲ್ಲಿ ಜೇಮ್ಸ್ ನಾಸ್ಮಿತ್ ಎಂಬ ಯಂತ್ರಶಿಲ್ಪಿ 1836ರಲ್ಲಿ ಇದನ್ನು ರೂಪಿಸಿದನು. ಬಡಗಿ ಹತ್ತರಿಯನ್ನು ಹಲಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ನೂಕುವುದನ್ನು ನಾವೆಲ್ಲರೂ ನೋಡಿದ್ದೇವೆ. ಮುಂದೆ ಹೋಗುವಾಗ ಹತ್ತರಿ ಕೀಸುತ್ತದೆ, ಹಿಂದೆ ಬರುವಾಗ ಸುಮ್ಮನೆ ಬರುತ್ತದೆ. ಶೇಪರ್ ಯಂತ್ರವೂ ಹೀಗೆಯೇ. ರ್‍ಯಾಮ್ ಎಂಬ ಗಟ್ಟಿಯಾದ ತೊಲೆ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಅದರ ಮೂತಿಗೆ ಉಳಿಯನ್ನು ಬಿಗಿದಿರುತ್ತಾರೆ. ಕೆಲಸದ ವಸ್ತು ಕೆಳಗೆ ಇಕ್ಕಳದಲ್ಲಿ ಅಲುಗದೆ ಕುಳಿತಿರುತ್ತದೆ. ಬರಿಗೈಯಲ್ಲಿ ಬರುವ ಹಿನ್ನಡೆಯಲ್ಲಿ ಕಾಲವ್ಯಯವಾಗಬಾರದೆಂದು, ಮುನ್ನಡೆ ನಿಧಾನವಾಗಿಯೂ ಹಿನ್ನಡೆ ಬೇಗನೆಯೂ ಆಗುವಂತೆ ಒಳಗಿನ ಸನ್ನೆಗಳನ್ನು ಜೋಡಿಸಿರುತ್ತಾರೆ. ಒಂದು ಆವೃತ್ತಿಯ ಐದು ಪಾಲು ಕಾಲದಲ್ಲಿ ಮೂರು ಪಾಲು ಕೆತ್ತುವುದಕ್ಕೆ, ಎರಡು ಪಾಲು ಹಿಂದಿರುಗುವುದಕ್ಕೆ ಎಂದಿಟ್ಟುಕೊಳ್ಳಬಹುದು.

ದೊಡ್ಡ ಕಾರ್ಖಾನೆಗಳಲ್ಲಿ ಶೇಪರಿನ ಕೆಲಸವನ್ನು ಇಂದು ಹೆಚ್ಚಾಗಿ ಬೇರೆ ಯಂತ್ರಗಳು ವಹಿಸಿಕೊಂಡಿವೆ. ಒಂದೇ ಬಗೆಯ ಸಾವಿರ ರಾಟೆಗಳನ್ನು ಮಾಡುವವರಿಗೆ ಅದು ನಿಧಾನದ ಯಂತ್ರ. ಒಂದೇ ಒಂದು ರಾಟೆಯನ್ನು ಸರಿಪಡಿಸುವವರಿಗಾದರೋ ಅದಕ್ಕಿಂತ ಅನುಕೂಲವಾದ ಯಂತ್ರ ದುರ್ಲಭ. ಶೇಪರಿಗೆ ಬೇಕಾದುದು ಒಂದೇ ಮೊನೆಯ ಉಳಿ. ಅಂಥ ಉಳಿಯನ್ನು ಕೈಯಿಂದಲೇ ರೂಪಿಸಬಹುದು.

ಉಕ್ಕನ್ನು ಆರಿಸುವುದು

ಉಳಿಗೆ ಬೇಕಾದುದು ಇಂಗಾಲ ಹೆಚ್ಚಾಗಿರುವ ಉಕ್ಕು. ಬಾಗಿಲ ಸರಳಿನಂಥ ಸಾಧಾರಣ ಮೆದು ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಕಾಲು ಪಾಲಿಗಿಂತಲೂ ಕಡಿಮೆ. ಒಳ್ಳೆಯ ಅರದಲ್ಲಿ ನೂರಕ್ಕೆ ಸುಮಾರು 1ರಿಂದ 1.3ರವರೆಗೆ ಇರುತ್ತದೆ. ಈ ಅಲ್ಪ ವ್ಯತ್ಯಾಸವೇ ಎರಡರ ನಡುವಿನ ಅಂತರಕ್ಕೆಲ್ಲ ಕಾರಣ.

ಈ ಗುಟ್ಟು ನಮ್ಮ ನಾಡಿನವರಿಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಉಕ್ಕು ಮಾಡುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮೆದು ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೂದಿ ಕಾಯಿಸುತ್ತಿದ್ದರು. ಒಳಗಿನ ಕಡ್ಡಿ ಇದ್ದಲಾಗಿ ತನ್ನ ಇಂಗಾಲವನ್ನು ಕಬ್ಬಿಣಕ್ಕೆ ಕೊಡುತ್ತಿತ್ತು. ಹೀಗೆ ಹುಟ್ಟಿದ ಉಕ್ಕು ಯೂರೋಪಿನಲ್ಲಿ ‘ವೂಟ್ಸ್’ ಎಂದು ಪ್ರಸಿದ್ಧವಾಯಿತು. ನಮ್ಮ ‘ಉಕ್ಕು’ ಶಬ್ದವೇ ಅಲ್ಲಿ ಹಾಗೆ ರೂಪಾಂತರ ಹೊಂದಿತೆಂದು ಹೇಳುತ್ತಾರೆ. ವಿದ್ಯುಚ್ಛಾಸ್ತ್ರದಲ್ಲಿ ನಾವು ಓದುವ ಮೈಕೆಲ್ ಫ್ಯಾರಡೆ 1819ರಲ್ಲಿ ಈ ಉಕ್ಕಿನ ವಿಶ್ಲೇಷಣೆಯನ್ನು ಪ್ರಕಟಿಸಿದನು.

ನಮ್ಮ ಕೆಲಸಕ್ಕೆ ಒಂದು ಹಳೆಯ ಚಪ್ಪಟೆ ಅರ ಸಾಕು. ಆದರೆ ಅಗ್ಗದ ಅರಗಳಲ್ಲಿ ಕೆಲವಕ್ಕೆ ಹೊರಮೈ ಮಾತ್ರ ಗಡಸಾಗಿದ್ದು ಒಳಗೆಲ್ಲ ಮೆದು ಉಕ್ಕಿರುತ್ತದೆ. ಆದುದರಿಂದ ಮೊದಲು ಒಂದು ಚೂರನ್ನು ಕತ್ತರಿಸಿ, ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದಿ ಪರೀಕ್ಷಿಸಬೇಕು. ಆಮೇಲೆ ಅದರ ಕತ್ತರಿಸಿದ ಮೈಯ ಮೇಲೆ ಇನ್ನೊಂದು ಒಳ್ಳೆಯ ಅರ ಹಿಡಿಯದೆ ಜಾರಿದರೆ, ಬಡಿದಾಗ ಚೂರು ಟಕ್ಕೆಂದು ಮುರಿದು ಒಳಗೆ ನುಣ್ಣನೆಯ ಬೂದುಬಣ್ಣ ಕಂಡರೆ, ಉಕ್ಕು ಯೋಗ್ಯವಾದುದೆಂದು ತಿಳಿಯಬಹುದು.

ಅರವು ತಾನೇ ಗಡಸಾದುದರಿಂದ ಅದನ್ನು ಗರಗಸದಿಂದ ಕೊಯ್ಯಲಾಗುವುದಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಒಣ ಬೂದಿಯಲ್ಲಿ ಹೂತು, ಒಂದು ರಾತ್ರಿ ಹಾಗೆಯೇ ಬಿಟ್ಟರೆ ಮೆಲ್ಲಗೆ ಆರಿ ಮೆದುವಾಗುತ್ತದೆ. ಆಗ ಅದರ ಹಲ್ಲುಗಳನ್ನೆಲ್ಲ ಉಜ್ಜಿ ತೆಗೆಯಬೇಕು. ಹಲ್ಲಿನ ಬುಡದ ಗೀರುಗಳು ಉಳಿದರೆ ಮುಂದೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಬಳಿಕ ಆರೂವರೆ ಮಿಲಿಮೀಟರ್ ಚೌಕದ, 18 ಮಿಲಿಮೀಟರ್ ಉದ್ದದ ತುಂಡನ್ನು ಕೊಯ್ದುಕೊಳ್ಳಬೇಕು.

ಮೊನೆಯ ಕೋನಗಳು

ತುಂಡಿನ ಕೆತ್ತುವ ಅಂಚಿನ ಅಗಲ ಸರಿಯಾಗಿ 6 ಮಿಲಿಮೀಟರ್ ಇರಬೇಕು. ಅಂಚಿನಿಂದ ಹಿಂದೆ ಸರಿದಂತೆ ಎರಡು ಪಕ್ಕಗಳೂ ಒಂದೆರಡು ಡಿಗ್ರಿಯಷ್ಟು ಒಳಸರಿಯಬೇಕು. ಇಲ್ಲವಾದರೆ ಉಳಿಯ ಕೆನ್ನೆಗಳು ತೋಡಿನ ಗೋಡೆಗೆ ಉಜ್ಜಿ ಸಿಕ್ಕಿಕೊಳ್ಳುತ್ತವೆ. ಅಂಚಿನ ತಳವೂ ನಾಲ್ಕೈದು ಡಿಗ್ರಿ ಹಿಂದಕ್ಕೆ ವಾಲಿರಬೇಕು. ಆಗ ಅಂಚು ಮಾತ್ರ ಲೋಹವನ್ನು ಮುಟ್ಟುತ್ತದೆ.

ಚೂರು ಜಾರಿಹೋಗುವ ಎದುರುಮೈಯ ಇಳಿಜಾರು ಕೆತ್ತಬೇಕಾದ ಲೋಹವನ್ನು ಅನುಸರಿಸುತ್ತದೆ. ಮೆದು ಉಕ್ಕಿನ ಚೂರು ಸುರುಳಿಯಾಗಿ ಏಳುತ್ತದೆ; ಅದು ಸರಾಗವಾಗಿ ಜಾರಲು ಎಂಟು ಹತ್ತು ಡಿಗ್ರಿ ಇಳಿಜಾರು ಬೇಕು. ರಾಟೆಗಳನ್ನು ಸಾಮಾನ್ಯವಾಗಿ ಬೀಡು ಕಬ್ಬಿಣದಿಂದ ಎರಕ ಹೊಯ್ದಿರುತ್ತಾರೆ. ಅದರ ಚೂರು ಸುರುಳಿಯಾಗದೆ ಪುಡಿಪುಡಿಯಾಗಿ ಉದುರುತ್ತದೆ. ಅದಕ್ಕೆ ಎರಡು ಮೂರು ಡಿಗ್ರಿ ಸಾಕು. ಅಂಚನ್ನು ಹೆಚ್ಚು ಚೂಪು ಮಾಡಿದರೆ ಕೆತ್ತುವುದು ಸುಲಭ, ಆದರೆ ಅಂಚು ತೆಳ್ಳಗಾಗಿ ಮುರಿಯುವುದೂ ಸುಲಭ. ಉಳಿಯ ವಿದ್ಯೆಯಲ್ಲಿ ಎಲ್ಲೆಲ್ಲಿಯೂ ಇಂಥ ಕೊಡುಕೊಳ್ಳುವಿಕೆ ಇದ್ದೇ ಇರುತ್ತದೆ.

ಗಡಸಾಗುವ ಬಗೆ

ಇನ್ನು ಮುಖ್ಯವಾದ ಭಾಗಕ್ಕೆ ಬರೋಣ. ಕಬ್ಬಿಣದ ಪರಮಾಣುಗಳು ಸ್ಫಟಿಕದಲ್ಲಿ ಘನಾಕೃತಿಯಲ್ಲಿ ಜೋಡಣೆಗೊಂಡಿರುತ್ತವೆ. ಸಾಧಾರಣ ಉಷ್ಣತೆಯಲ್ಲಿ ಘನದ ಎಂಟು ಮೂಲೆಗಳಲ್ಲಿ ಒಂದೊಂದು, ನಡುವೆ ಒಂದು ಪರಮಾಣು ಇರುತ್ತವೆ. ಈ ಜೋಡಣೆಯಲ್ಲಿ ಇಂಗಾಲದ ಪರಮಾಣುಗಳಿಗೆ ಜಾಗ ಬಹಳ ಕಡಿಮೆ. ಆದರೆ ಹೆಚ್ಚು ಇಂಗಾಲದ ಉಕ್ಕನ್ನು ಸುಮಾರು 730 ಡಿಗ್ರಿ ಸೆಲ್ಸಿಯಸ್ ದಾಟಿಸಿದಾಗ ಪರಮಾಣುಗಳು ಬೇರೊಂದು ರೀತಿಯಲ್ಲಿ ನಿಲ್ಲತೊಡಗುತ್ತವೆ. ಮೂಲೆಗಳಲ್ಲಿ ಒಂದೊಂದು, ಆರು ಮುಖಗಳ ನಡುವೆ ಒಂದೊಂದು. ಈ ಹೊಸ ಜೋಡಣೆಯ ಸಂದುಗಳಲ್ಲಿ ಇಂಗಾಲ ಧಾರಾಳವಾಗಿ ಕರಗಿ ಹರಡುತ್ತದೆ.

ಮೆಲ್ಲಗೆ ಆರಿಸಿದರೆ ಇಂಗಾಲಕ್ಕೆ ಹೊರಬರಲು ಅವಕಾಶ ಸಿಕ್ಕುತ್ತದೆ. ಕಬ್ಬಿಣ ಹಳೆಯ ಜೋಡಣೆಗೆ ಮರಳಿ ಮೆದುವಾಗುತ್ತದೆ. ಬೂದಿಯಲ್ಲಿ ಹೂತಾಗ ಆದುದು ಇದೇ. ಥಟ್ಟನೆ ನೀರಿನಲ್ಲಿ ಅದ್ದಿದರಾದರೋ ಕಬ್ಬಿಣದ ಪರಮಾಣುಗಳು ಹಳೆಯ ಸ್ಥಾನಗಳತ್ತ ಧಾವಿಸುತ್ತವೆ, ಆದರೆ ಇಂಗಾಲಕ್ಕೆ ಹೊರಬರಲು ಸಮಯವಿರುವುದಿಲ್ಲ. ಅದು ಸಿಕ್ಕಿಬಿದ್ದು ಇಡೀ ಜೋಡಣೆಯನ್ನು ಸೊಟ್ಟಗೆ ಹಿಗ್ಗಿಸಿ ಹಿಡಿಯುತ್ತದೆ. ಹೀಗೆ ಬಿಗಿದುಕೊಂಡ ಸ್ಫಟಿಕದಲ್ಲಿ ಪದರವೊಂದು ಇನ್ನೊಂದರ ಮೇಲೆ ಜಾರಲಾರದು. ಜಾರಲಾರದ್ದರಿಂದಲೇ ಅದು ಅತಿ ಗಡಸು. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಎಂಬ ವಿಜ್ಞಾನಿಯ ನೆನಪಿಗಾಗಿ ಈ ರೂಪಕ್ಕೆ ಮಾರ್ಟೆನ್ಸೈಟ್ ಎಂಬ ಹೆಸರಿದೆ.

ಕುಲುಮೆಯಲ್ಲಿ ಉಷ್ಣತೆಯನ್ನು ಅಳೆಯುವುದು ಹೇಗೆ? ಇಲ್ಲಿ ಒಂದು ಅಯಸ್ಕಾಂತ ನೆರವಾಗುತ್ತದೆ. ಪರಮಾಣುಗಳ ಹೊಸ ಜೋಡಣೆಗೆ ಅಯಸ್ಕಾಂತದ ಆಕರ್ಷಣೆ ಇಲ್ಲ. ತುಂಡನ್ನು ಇಕ್ಕಳದಲ್ಲಿ ಹಿಡಿದು ಆಗಾಗ ಅಯಸ್ಕಾಂತದ ಬಳಿಗೆ ತರುತ್ತಿದ್ದರೆ, ಯಾವ ಗಳಿಗೆಯಲ್ಲಿ ಅದು ಎಳೆಯದಾಗುವುದೋ ಆಗ ಒಳಗಿನ ಮಾರ್ಪಾಡು ನಡೆಯಿತೆಂದು ತಿಳಿಯುತ್ತದೆ. ಅದಕ್ಕಿಂತ ತುಸು ಮಾತ್ರ ಹೆಚ್ಚು ಕಾಯಿಸಿ, ನೆಟ್ಟಗೆ ನೀರಿಗಿಳಿಸಿ, ಕದಲಿಸುತ್ತಿರಬೇಕು. ಸುಮ್ಮನೆ ಹಿಡಿದರೆ ಸುತ್ತಲೂ ಉಗಿಯ ಪೊರೆ ಕಟ್ಟಿ ಆರುವುದು ನಿಧಾನವಾಗುತ್ತದೆ. ಬಿಳಿಗೆಂಪಾಗುವಂತೆ ಕಾಯಿಸಿದರೆ ಹೆಚ್ಚು ಗಡಸಾದೀತೆಂದು ಭಾವಿಸುವುದು ತಪ್ಪು. ಆಗ ಸ್ಫಟಿಕದ ಕಣಗಳು ದಪ್ಪವಾಗಿ ಉಳಿ ಕೆಲಸಕ್ಕೆ ಬಾರದಾಗುತ್ತದೆ.

ಬಣ್ಣವೇ ಉಷ್ಣಮಾಪಕ

ಈಗ ತುಂಡು ಗಾಜನ್ನು ಗೀರುವಷ್ಟು ಗಡಸು. ಆದರೆ ಗಾಜಿನಂತೆಯೇ ಪೆಡಸು. ಹೀಗೆಯೇ ಯಂತ್ರಕ್ಕೆ ಬಿಗಿದರೆ ಮೊದಲ ಬಡಿತಕ್ಕೆ ಸಿಡಿದು ಚೂರು ಕಣ್ಣಿಗೆ ಹಾರೀತು. ಆದುದರಿಂದ ಅದಕ್ಕೆ ಹದ ಕೊಡಬೇಕು. ಎಂದರೆ ಸಿಕ್ಕಿಬಿದ್ದ ಇಂಗಾಲದಲ್ಲಿ ಸ್ವಲ್ಪ ಭಾಗಕ್ಕೆ ಮಾತ್ರ ಬಿಡುಗಡೆ ಕೊಡಬೇಕು. ಗಡಸುತನವನ್ನು ತುಸು ತೆತ್ತು ತಾಳಿಕೆಯನ್ನು ಕೊಳ್ಳುವ ವ್ಯಾಪಾರವಿದು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಕಲ್ಲಿನ ಶಿಲ್ಪಗಳಿಗೆ ಹೆಸರಾದ ಊರು. ಕಲ್ಲುಕೆಲಸದ ಉಳಿ ಮೊಂಡಾದಾಗ ಅದನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಹದಗೊಳಿಸುವುದು ಆ ಕಸುಬಿನ ಹಳೆಯ ವಾಡಿಕೆ. ಹದ ತಪ್ಪಿದ ಉಳಿ ಒಂದೋ ಮಡಚಿಕೊಳ್ಳುತ್ತದೆ, ಇಲ್ಲವೇ ಮುರಿಯುತ್ತದೆ.

ಹದ ಕೊಡುವ ಕ್ರಮ ಹೀಗೆ. ತುಂಡಿನ ಒಂದು ಮೈಯನ್ನು ಉಪ್ಪುಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಬೇಕು. ಕಾದ ಕಬ್ಬಿಣದ ತಗಡೊಂದರ ಮೇಲೆ, ಅಂಚು ತಗಡಿನಿಂದ ಹೊರಚಾಚಿರುವಂತೆ ಅದನ್ನಿಡಬೇಕು. ಸ್ವಲ್ಪ ಹೊತ್ತಿಗೆ ಹೊಳೆಯುವ ಮೈಯ ಮೇಲೆ ಬಣ್ಣಗಳು ಒಂದರ ಹಿಂದೊಂದು ಹರಿದು ಅಂಚಿನತ್ತ ಸಾಗುತ್ತವೆ: ಸುಮಾರು 220 ಡಿಗ್ರಿಗೆ ತಿಳಿಹುಲ್ಲಿನ ಹಳದಿ, 240ಕ್ಕೆ ಕಡು ಹಳದಿ, 255ಕ್ಕೆ ಕಂದು, 275ಕ್ಕೆ ನೇರಳೆ, 300ರ ಹತ್ತಿರ ನೀಲಿ. ನಮ್ಮ ಉಳಿಯ ಅಂಚಿಗೆ ಕಡು ಹಳದಿ ತಲಪಿದ ಕೂಡಲೇ ನೀರಿನಲ್ಲಿ ಅದ್ದಿ ನಿಲ್ಲಿಸಬೇಕು. ನೀಲಿಗೆ ಬಂದರೆ ಅದು ಸುರುಳಿಕಂಬಿಗೆ ಸರಿಯಾದ ಹದ, ಉಳಿಗಲ್ಲ.

ಈ ಬಣ್ಣಗಳು ಉಕ್ಕಿನವಲ್ಲ. ಬಿಸಿಯಾದ ಮೈಯ ಮೇಲೆ ಗಾಳಿಯ ಆಮ್ಲಜನಕದಿಂದ ಬಹು ತೆಳುವಾದ ಆಕ್ಸೈಡಿನ ಪೊರೆ ಬೆಳೆಯುತ್ತದೆ. ಪೊರೆಯ ಮೇಲ್ಮೈಯಿಂದಲೂ ತಳದಿಂದಲೂ ಹಿಂದಿರುಗುವ ಬೆಳಕಿನ ಅಲೆಗಳು ಸಂಧಿಸಿ, ಕೆಲವು ಬಣ್ಣಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಪೊರೆ ತೆಳುವಾಗಿದ್ದಾಗ ತರಂಗದೂರ ಕಡಿಮೆಯಾದ ನೀಲಿ ಅಳಿಸಿಹೋಗಿ ಹಳದಿ ಉಳಿಯುತ್ತದೆ; ಪೊರೆ ದಪ್ಪವಾದಂತೆ ಹಸುರು ಅಳಿದು ನೇರಳೆ ಕಾಣುತ್ತದೆ; ಇನ್ನೂ ಬೆಳೆದಾಗ ಹಳದಿ, ಕೆಂಪುಗಳು ಅಳಿದು ನೀಲಿ ಮೂಡುತ್ತದೆ. ಸಾಬೂನಿನ ಗುಳ್ಳೆಯಲ್ಲಿಯೂ ಮಳೆನೀರಿನ ಮೇಲಿನ ಎಣ್ಣೆಯಲ್ಲಿಯೂ ನಾವು ಕಾಣುವ ವ್ಯತಿಕರಣ ಇದೇ. ಪೊರೆಯ ದಪ್ಪ ಉಷ್ಣತೆಯಂತೆ ಕಾಲವನ್ನೂ ಅವಲಂಬಿಸುವುದರಿಂದ ಬಹಳ ಹೊತ್ತು ಬಿಸಿಯಲ್ಲಿಟ್ಟ ತುಂಡಿನ ಬಣ್ಣವನ್ನು ನಂಬಬಾರದು.

ಉಳಿಗೆ ಕೈ ಜೋಡಿಸುವುದು

ಉಳಿಯನ್ನು ತೂತಿನೊಳಗೆ ಒಯ್ಯಲು ಒಂದು ಸರಳು ಬೇಕು. ತೂತಿನ ವ್ಯಾಸ 20 ಮಿಲಿಮೀಟರ್. ಉಳಿ ಸರಳಿನಿಂದ 4 ಮಿಲಿಮೀಟರ್ ಹೊರಚಾಚಬೇಕು. ಆದುದರಿಂದ ಸರಳಿನ ವ್ಯಾಸ 14 ಮಿಲಿಮೀಟರ್ ಇರಬಹುದು. ಅದರ ತುದಿಯ ಬಳಿ ಅಡ್ಡಲಾಗಿ ತೂತು ಕೊರೆದು, ಸಣ್ಣ ಅರದಿಂದ ಚೌಕ ಮಾಡಿ, ಉಳಿಯನ್ನು ತೂರಿಸಿ, ಸರಳಿನ ಕೊನೆಯಿಂದ ಒಂದು ತಿರುಪಿನಿಂದ ಬಿಗಿದರೆ ಆಯಿತು. ರಾಟೆಯ ಒಳಗನ್ನೆಲ್ಲ ದಾಟಿಹೋಗಲು ಸರಳು 60 ಮಿಲಿಮೀಟರಿನಷ್ಟು ಮುಂಚಾಚಬೇಕೆಂದು ಇಟ್ಟುಕೊಳ್ಳೋಣ.

ಈ ಸರಳನ್ನೂ ಗಡಸುಗೊಳಿಸಿದರೆ ಅದು ಬಾಗುವುದಿಲ್ಲವಷ್ಟೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಲ್ಲಿ ಎಚ್ಚರಿಕೆ ಬೇಕು. ಒತ್ತಡಕ್ಕೆ ವಸ್ತು ಎಷ್ಟು ಬಾಗುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಯಂಗ್ ಗುಣಾಂಕ. ಮೆದು ಉಕ್ಕಾಗಲಿ ಗಡಸು ಉಕ್ಕಾಗಲಿ ಅದು ಹೆಚ್ಚುಕಡಿಮೆ ಒಂದೇ. ಗಡಸುತನ ಬಾಗುವಿಕೆಯನ್ನು ತಡೆಯುವುದಿಲ್ಲ. ಬಾಗಿದುದು ಶಾಶ್ವತವಾಗಿ ಸೊಟ್ಟಾಗುವುದನ್ನು ಮಾತ್ರ ತಡೆಯುತ್ತದೆ. ಬಾಗುವಿಕೆಯನ್ನು ಕಡಿಮೆ ಮಾಡುವ ದಾರಿ ಆಕಾರದಲ್ಲಿದೆ. ಒಂದು ತುದಿಯಲ್ಲಿ ಬಿಗಿದ ಸರಳಿನ ಬಾಗುವಿಕೆ ಉದ್ದದ ಘನಕ್ಕೆ ಅನುಪಾತದಲ್ಲಿಯೂ, ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ.

ಉಳಿಯನ್ನು ಗೋಡೆಯಿಂದ ದೂರಕ್ಕೆ ತಳ್ಳುವ ಬಲ 250 ನ್ಯೂಟನ್, ಎಂದರೆ ಸುಮಾರು 25 ಕಿಲೋಗ್ರಾಂ ತೂಕದಷ್ಟು ಎಂದುಕೊಂಡು ಲೆಕ್ಕ ಹಾಕಿದರೆ, 14 ಮಿಲಿಮೀಟರ್ ದಪ್ಪದ ನಮ್ಮ ಸರಳಿನ ತುದಿ ಸುಮಾರು 0.05 ಮಿಲಿಮೀಟರ್ ಬಾಗುತ್ತದೆ. 10 ಮಿಲಿಮೀಟರಿನ ಸರಳಾಗಿದ್ದರೆ 0.18 ಮಿಲಿಮೀಟರ್. 14ರ ಸರಳನ್ನೇ ಎರಡರಷ್ಟು ಉದ್ದ ಚಾಚಿದರೆ ಎಂಟರಷ್ಟು, ಎಂದರೆ 0.38 ಮಿಲಿಮೀಟರ್! ಒಂದು ಸಲಕ್ಕೆ ನಾವು ತೆಗೆಯಬೇಕೆಂದಿರುವ ಪದರದ ದಪ್ಪವೇ 0.05 ಮಿಲಿಮೀಟರ್. ಉಳಿ ಕೆತ್ತುವ ಬದಲು ಹಿಂಜರಿದು ಜಾರಿ, ಮುಂದಿನ ಸಲ ಎರಡು ಪದರಗಳನ್ನು ಒಟ್ಟಿಗೆ ಕಚ್ಚಿ ಮುರಿಯುವುದು ಹೀಗೆಯೇ. ಆದುದರಿಂದ ಸರಳು ತೂತಿಗೆ ಹಿಡಿಸುವಷ್ಟು ದಪ್ಪವಾಗಿ, ಕೆಲಸಕ್ಕೆ ಸಾಕಾಗುವಷ್ಟೇ ಗಿಡ್ಡವಾಗಿ ಇರಬೇಕು. ಕೆಲವು ನಡೆಗಳಿಗೊಮ್ಮೆ ಉಳಿಯನ್ನು ಇಳಿಸದೆ ಹಾಗೆಯೇ ಒಂದೆರಡು ಬಾರಿ ಓಡಿಸಿ, ಬಾಗಿದ ಸರಳು ನೆಟ್ಟಗಾಗಲು ಅವಕಾಶ ಕೊಡಬೇಕು.

ಬಿಸಿಯ ಮಿತಿ

ನಾವು ಮಾಡಿದ ಉಳಿಗೆ ಒಂದು ದೌರ್ಬಲ್ಯವಿದೆ. ಹದ ಕೊಟ್ಟ 240 ಡಿಗ್ರಿಯನ್ನು ಮೀರಿ ಅಂಚು ಮತ್ತೆ ಕಾದರೆ ಅದು ಮೆದುವಾಗುತ್ತದೆ. ಸಾಣೆ ಹಿಡಿಯುವಾಗ ಆಗಾಗ ನೀರಿನಲ್ಲಿ ಅದ್ದಬೇಕಾದುದು ಇದಕ್ಕಾಗಿ. ಯಂತ್ರದ ವೇಗವೂ ಮಿತವಾಗಿರಬೇಕು. ರ್‍ಯಾಮಿನ ನಡೆ 70 ಮಿಲಿಮೀಟರ್, ನಿಮಿಷಕ್ಕೆ 60 ನಡೆಗಳು ಎಂದರೆ ಉಳಿ ನಿಮಿಷಕ್ಕೆ 4.2 ಮೀಟರ್ ಕೆತ್ತುತ್ತದೆ. ಆದರೆ ಕೆತ್ತುವ ಕಾಲ ಐದರಲ್ಲಿ ಮೂರು ಪಾಲು, 36 ಸೆಕೆಂಡು ಮಾತ್ರ. ಆದುದರಿಂದ ಕೆತ್ತುವ ಸರಾಸರಿ ವೇಗ ನಿಮಿಷಕ್ಕೆ 7 ಮೀಟರ್. ನಮ್ಮ ಉಳಿ ಇಷ್ಟನ್ನು ತಾಳುತ್ತದೆ.

ಈ ಮಿತಿಯನ್ನು ದಾಟಿದವರು ಅಮೆರಿಕದ ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್. ಟಂಗ್‌ಸ್ಟನ್ ಮತ್ತು ಕ್ರೋಮಿಯಂ ಬೆರೆಸಿದ ಉಕ್ಕನ್ನು ಕರಗುವ ಮಟ್ಟದ ಸಮೀಪದವರೆಗೆ ಕಾಯಿಸಿ ಆರಿಸಿದರೆ ಅದು ಮಂಕಾಗಿ ಕೆಂಪೇರುವವರೆಗೂ ಗಡಸುತನ ಬಿಡುವುದಿಲ್ಲವೆಂದು ಅವರು ಕಂಡುಕೊಂಡರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಜನರಿಗೆ ತೋರಿಸಲಾಯಿತು. ಮುಂದೆ ಟಂಗ್‌ಸ್ಟನ್ 18, ಕ್ರೋಮಿಯಂ 4, ವನೇಡಿಯಂ 1 ಶೇಕಡಾ ಇರುವ ಮಿಶ್ರಣ ಪ್ರಸಿದ್ಧವಾಯಿತು. ಇಂದು ‘ಹೈಸ್ಪೀಡ್’ ಉಕ್ಕಿನ ತುಂಡುಗಳು ಗಡಸಾಗಿಯೇ ಮಾರಾಟಕ್ಕೆ ಬರುತ್ತವೆ. ಅವನ್ನು ಸಾಣೆಯಲ್ಲಿ ಬೇಕಾದ ಆಕಾರಕ್ಕೆ ತಂದರೆ ಸಾಕು. ದಿನವಿಡೀ ಕೆಲಸ ಮಾಡುವವರು ಅದನ್ನೇ ಆರಿಸಿಕೊಳ್ಳುವುದು ಯುಕ್ತ. ಒಂದೇ ಒಂದು ತೋಡಿಗೆ ಹಳೆಯ ಅರದ ಉಳಿ ಸಾಲದೆ ಹೋಗುವುದಿಲ್ಲ.

ವಿದ್ಯಾರ್ಥಿಗಳು ಮಾಡಿ ನೋಡಬಹುದಾದುದು

ಶೇಪರ್ ಯಂತ್ರ ಎಲ್ಲರಿಗೂ ದೊರೆಯಲಾರದು. ಆದರೆ ಇದರ ಒಳಗುಟ್ಟನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಎದುರಿನಲ್ಲಿ ನೋಡಬಹುದು. ಮೆದುಮಾಡಿದ ಹಳೆಯ ಅರದಿಂದ ಕಡ್ಡಿಯಷ್ಟು ಸಣ್ಣನೆಯ ಮೂರು ತುಂಡುಗಳನ್ನು ಕೊಯ್ದು, ಮೂರನ್ನೂ ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿರಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ಕಡು ಹಳದಿಯ ಹದ ಕೊಡಿ. ಮೂರನೆಯದನ್ನು ನೀಲಿಯವರೆಗೆ ಕಾಯಿಸಿ. ಕಣ್ಣಿಗೆ ರಕ್ಷೆಯ ಕನ್ನಡಕ ಧರಿಸಿ, ತುಂಡುಗಳಿಗೆ ದಪ್ಪ ಬಟ್ಟೆ ಸುತ್ತಿ, ಒಂದೊಂದನ್ನೂ ಇಕ್ಕಳದಲ್ಲಿ ಹಿಡಿದು ಮೆಲ್ಲನೆ ಬಾಗಿಸಿ. ಮೊದಲನೆಯದು ಬಾಗದೆ ಮುರಿಯುತ್ತದೆ. ಎರಡನೆಯದು ಹೆಚ್ಚು ಬಲ ಬೇಡುತ್ತದೆ. ಮೂರನೆಯದು ಮುರಿಯುವ ಮುನ್ನ ಎಲ್ಲಕ್ಕಿಂತ ಹೆಚ್ಚಾಗಿ ಬಾಗುತ್ತದೆ. ಮೂರೂ ಒಂದೇ ಅರದ ತುಂಡುಗಳು. ಮೂರರಲ್ಲಿಯೂ ಇಂಗಾಲ ಅಷ್ಟೇ. ವ್ಯತ್ಯಾಸವೆಲ್ಲ ಬೆಂಕಿಯ ಕೊನೆಯ ಕೆಲವು ನಿಮಿಷಗಳಲ್ಲಿ ಆದುದು. ಮುರಿದ ಅಂಚುಗಳನ್ನು ಭೂತಗನ್ನಡಿಯಲ್ಲಿ ಒಂದರ ಪಕ್ಕ ಒಂದಿಟ್ಟು ನೋಡಿ, ಕಂಡುದನ್ನು ಬರೆದಿಡಿ.